ಫ್ರೆಂಚ್ ಭಾಷೆಯ ಪೂರ್ವಭವಿಷ್ಯತ್ಕಾಲ



ಫ್ರೆಂಚ್ ಭಾಷೆಯನ್ನು ಆರಿಸಿಕೊಂಡ ನಮ್ಮ ಹುಡುಗಿಯರು ಪ್ರತಿ ವರ್ಷವೂ ಒಂದೇ ಸ್ಥಳದಲ್ಲಿ ಎಡವುವುದನ್ನು ನಾನು ಕಾಣುತ್ತ ಬಂದಿದ್ದೇನೆ. ವರ್ತಮಾನ, ಭೂತ, ಭವಿಷ್ಯತ್ತುಗಳನ್ನು ಕಲಿತು ಧೈರ್ಯದಿಂದ ವಾಕ್ಯರಚನೆಗೆ ತೊಡಗಿದವರು, ಫ್ರೆಂಚರು 'ಫ್ಯುತ್ಯುರ್ ಆಂತೇರಿಯೇರ್' ಎಂದು ಕರೆಯುವ ಕಾಲಕ್ಕೆ ಬಂದೊಡನೆ ಬೆದರಿ ನಿಲ್ಲುತ್ತಾರೆ. "ಇನ್ನೂ ನಡೆಯದ ಕೆಲಸವು ಮುಗಿದುಹೋದದ್ದು ಹೇಗಾದೀತು, ಟೀಚರ್?" ಎಂದು ಒಬ್ಬಳು ಕೇಳಿದಳು. ಪ್ರಶ್ನೆಯು ನ್ಯಾಯವಾದದ್ದೇ. 'ಆಂತೇರಿಯೇರ್' ಎಂದರೆ ಮುಂಚಿನದು ಎಂದರ್ಥ. ಮುಂದೆ ನಡೆಯಲಿರುವ ಎರಡು ಕಾರ್ಯಗಳಲ್ಲಿ ಯಾವುದು ಮೊದಲು ಮುಗಿಯತಕ್ಕದ್ದೋ ಅದನ್ನು ಈ ಕಾಲವು ಸೂಚಿಸುವುದು. ಆದಕಾರಣ ಇದನ್ನು ನಾವು ಪೂರ್ವಭವಿಷ್ಯತ್ಕಾಲವೆಂದು ಕರೆಯೋಣ.

ನಾನೂ ಇಲ್ಲಿ ಎಡವಿದವಳೇ. ತರಬೇತಿಯ ದಿನಗಳಲ್ಲಿ ನನಗೆ ಫ್ರೆಂಚ್ ಕಲಿಸುತ್ತಿದ್ದ ವೃದ್ಧ ಫ್ರೆಂಚ್ ಮಹಿಳೆಯೊಬ್ಬರಿಗೆ ಒಂದು ಚೀಟಿಯನ್ನು ಬರೆದೆನು. ಪರೀಕ್ಷೆ ಮುಗಿಸಿದ ಮೇಲೆ ತಮ್ಮನ್ನು ನೋಡಲು ಬರುವೆನೆಂಬುದೇ ಅದರ ತಾತ್ಪರ್ಯ. ಆದರೆ ಇಂಗ್ಲಿಷಿನ 'ವೆನ್ ಐ ಫಿನಿಷ್' ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, 'ಮುಗಿಸು' ಎಂಬ ಕ್ರಿಯೆಯನ್ನು ವರ್ತಮಾನಕಾಲದಲ್ಲಿ ಬರೆದಿದ್ದೆನು. ಮದಾಂ ಅವರು ಅದರ ಕೆಳಗೆ ಕೆಂಪು ಗೆರೆಯನ್ನೆಳೆದು, "ಇದನ್ನೇ ನಿನ್ನ ತಾಯಿಗೆ ಹೇಗೆ ಹೇಳುವೆ?" ಎಂದು ಕೇಳಿದರು. "ಪರೀಕ್ಷೆ ಮುಗಿಸಿದ ಮೇಲೆ ಬರುವೆನು" ಎಂದು ಹೇಳಿ, ಪದಪದದ ಅರ್ಥವನ್ನು ಬಿಡಿಸಿದೆನು.

"'ಮುಗಿಸಿದ' ಎಂಬುದು ಯಾವ ಕಾಲ?"

"ಭೂತಕಾಲ, ಮದಾಂ."

"ಪರೀಕ್ಷೆ ಮುಗಿಯಿತೇ?"

"ಇನ್ನೂ ಆರಂಭವೇ ಆಗಿಲ್ಲ."

"ಹಾಗಾದರೆ ಈ ಪಾಠವನ್ನು ನೀನು ತೊಟ್ಟಿಲಲ್ಲಿಯೇ ಕಲಿತಿದ್ದೀಯೆ. ಇಂಗ್ಲಿಷರ ಮನೆಯನ್ನು ಸುತ್ತಿಕೊಂಡು ನನ್ನ ಮನೆಗೆ ಏಕೆ ಬಂದೆ?"

ಅಂದು ನನಗೆ ನಾಚಿಕೆಯೂ ಆಯಿತು, ಕಣ್ಣೂ ತೆರೆಯಿತು. ಮುಂದೆ ನಡೆಯಬೇಕಾದ ಕಾರ್ಯವನ್ನು ಭೂತಕೃದಂತದಿಂದ ಹೇಳುವುದು ಕನ್ನಡದವರಿಗೆ ದಿನನಿತ್ಯದ ಮಾತು. 'ಅಕ್ಕ ಬಂದ ಕೂಡಲೆ ಊಟ ಬಡಿಸುವೆನು' ಎನ್ನುವಾಗ ಅಕ್ಕ ಇನ್ನೂ ದಾರಿಯಲ್ಲಿರುವಳು, ಆದರೂ 'ಬಂದ' ಎನ್ನುತ್ತೇವೆ. ಫ್ರೆಂಚರ ಪೂರ್ವಭವಿಷ್ಯತ್ತಿನ ಜೀವವೂ ಇದೇ.

ಇನ್ನು ರೂಪರಚನೆ. ಕನ್ನಡದಲ್ಲಿ 'ಮುಗಿಸಿ' ಎಂಬುದಕ್ಕೆ 'ಇರುವೆನು' ಎಂಬುದನ್ನು ಸೇರಿಸಿ 'ಮುಗಿಸಿರುವೆನು' ಎನ್ನುವಂತೆ, ಫ್ರೆಂಚಿನಲ್ಲಿಯೂ ಎರಡು ತುಂಡುಗಳು ಕೂಡುವುವು. ಮೊದಲನೆಯದು ಸಹಾಯಕ ಕ್ರಿಯಾಪದದ ಭವಿಷ್ಯದ್ರೂಪ, ಎರಡನೆಯದು ಮುಖ್ಯ ಕ್ರಿಯೆಯ ಭೂತಕೃದಂತ. ನಮ್ಮಲ್ಲಿ ಸಹಾಯಕವು ಕೊನೆಗೆ ಬರುವುದು, ಅವರಲ್ಲಿ ಮೊದಲಿಗೆ. (ಇಲ್ಲಿ ಫ್ರೆಂಚ್ ಪದಗಳ ಉಚ್ಚಾರವನ್ನು ಸಾಧ್ಯವಾದಷ್ಟು ಮಟ್ಟಿಗೆ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ. ಬರೆಯುವ ಕ್ರಮವನ್ನು ಪಠ್ಯಪುಸ್ತಕದಿಂದ ಕಲಿಯಿರಿ. ಆ ಭಾಷೆಯಲ್ಲಿ ಬರೆದು ಉಚ್ಚರಿಸದ ಅಕ್ಷರಗಳು ಬಹಳ.)

ಫ್ರೆಂಚಿನಲ್ಲಿ ಸಹಾಯಕಗಳು ಎರಡು: 'ಹೊಂದಿರು' ಎಂಬರ್ಥದ 'ಅವ್ವಾರ್', 'ಇರು' ಎಂಬರ್ಥದ 'ಎತ್ರ್'. ಅಧಿಕಾಂಶ ಕ್ರಿಯೆಗಳಿಗೆ ಅವ್ವಾರ್ ಬೇಕು. ಅದರ ಭವಿಷ್ಯದ್ರೂಪಗಳು ಝೊರೇ, ತ್ಯು ಒರಾ, ಇಲ್ ಒರಾ, ನೂಜೊರೊಂ, ವೂಜೊರೇ, ಇಲ್‌ಜೊರೊಂ ಎಂದಾಗುವುವು. ಎತ್ರ್ ಎಂಬುದರವು ಝ ಸರೇ, ತ್ಯು ಸರಾ, ಇಲ್ ಸರಾ, ನೂ ಸರೊಂ, ವೂ ಸರೇ, ಇಲ್ ಸರೊಂ. ಈ ಭವಿಷ್ಯತ್ ಪ್ರತ್ಯಯಗಳು ಹುಟ್ಟಿದ್ದೇ ಅವ್ವಾರ್ ಧಾತುವಿನ ವರ್ತಮಾನ ರೂಪಗಳಿಂದ. ಆದುದರಿಂದ 'ಝೊರೇ' ಎಂದವಳು ಆ ಧಾತುವನ್ನು ಎರಡು ಸಲ ಉಚ್ಚರಿಸಿದಂತೆಯೇ ಸರಿ. ಕನ್ನಡದಲ್ಲಿ ಅವ್ವಾರ್‌ಗೆ ಸರಿಯಾದ ಬಳಕೆಯ ಕ್ರಿಯಾಪದವಿಲ್ಲ. 'ನನ್ನಲ್ಲಿ ಪುಸ್ತಕವಿದೆ' ಎಂದು 'ಇರು' ಧಾತುವಿನಿಂದಲೇ ಕೆಲಸ ನಡೆಸುತ್ತೇವೆ. ಹೀಗಾಗಿ ನಮ್ಮ ಹುಡುಗಿಯರಲ್ಲಿ ಕೆಲವರು ಎಲ್ಲೆಡೆಯೂ ಎತ್ರ್ ಹಾಕುವರು. ಇಲ್ಲಿ ಮಾತ್ರ ಮಾತೃಭಾಷೆಯು ದಾರಿ ತಪ್ಪಿಸುವುದು, ಎಚ್ಚರಿಕೆಯಿರಲಿ.

ಭೂತಕೃದಂತವು 'ಪಾರ್ಲೇ' (ಮಾತಾಡು) ಮುಂತಾದ ಮೊದಲನೆಯ ವರ್ಗದಲ್ಲಿ ಏಕಾರಾಂತ, 'ಫಿನೀರ್' (ಮುಗಿಸು) ಎಂಬುದರಲ್ಲಿ 'ಫಿನಿ', 'ವಾಂದ್ರ್' (ಮಾರು) ಎಂಬುದರಲ್ಲಿ 'ವಾಂದ್ಯು'. ನಿಯಮಕ್ಕೆ ಒಗ್ಗದವುಗಳನ್ನು ಬಾಯಿಪಾಠ ಮಾಡದೆ ಗತಿಯಿಲ್ಲ: ಮಾಡಿದ್ದು 'ಫೇ', ಬರೆದದ್ದು 'ಎಕ್ರಿ', ಓದಿದ್ದು 'ಲ್ಯು', ನೋಡಿದ್ದು 'ವ್ಯು', ತೆಗೆದುಕೊಂಡದ್ದು 'ಪ್ರಿ'. ಇದು ನಿಮಗೊಬ್ಬರಿಗೇ ಬಂದ ಕಷ್ಟವೆಂದು ತಿಳಿಯಬೇಡಿರಿ. ಆಲ್ಫೋನ್ಸ್ ದೋದೆ ಎಂಬ ಫ್ರೆಂಚ್ ಲೇಖಕನು 1873ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಲ್ಲಿ 'ಕೊನೆಯ ಪಾಠ' ಎಂಬ ಕಥೆಯಿದೆ. ಅದರಲ್ಲಿ ಅಲ್ಸಾಸ್ ಪ್ರಾಂತದ ಬಾಲಕನೊಬ್ಬನು ಬೆಳಿಗ್ಗೆ ಶಾಲೆಗೆ ಹೋಗಲು ಅಂಜುವುದು ಈ ಕೃದಂತಗಳ ಪಾಠ ಬಾರದಿದ್ದುದರಿಂದಲೇ!

ಎತ್ರ್ ಬೇಡುವ ಕ್ರಿಯೆಗಳು ಕೆಲವೇ. ಹೋಗು, ಬಾ, ತಲುಪು, ಹೊರಡು, ಒಳಹೊಗು, ಹೊರಬೀಳು, ಏರು, ಇಳಿ, ಬೀಳು, ಉಳಿ, ಹುಟ್ಟು, ಸಾಯು ಎಂಬರ್ಥದವೂ ಅವುಗಳ ಬಳಗವೂ. ಅಲ್ಲದೆ ಏಳು, ಮಲಗು ಮುಂತಾಗಿ ತನ್ನನ್ನು ತಾನೇ ಕುರಿತು ಹೇಳುವವು. ಆದರೆ 'ಇಳಿ' ಎಂಬುದೇ 'ಪೆಟ್ಟಿಗೆಯನ್ನು ಇಳಿಸು' ಎಂದು ಕರ್ಮವನ್ನು ತೆಗೆದುಕೊಂಡರೆ ಅವ್ವಾರ್ ಕಡೆಗೆ ಸೇರುವುದು.

ಎತ್ರ್ ಬಂದಲ್ಲಿ ಕೃದಂತವು ಕರ್ತೃವಿನ ಲಿಂಗವಚನಗಳನ್ನು ಅನುಸರಿಸಬೇಕು. ಇದು ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯವಾದ ಸಂಗತಿ. ಕನ್ನಡದಲ್ಲಿ 'ಹೊರಟಿರುವೆನು' ಎಂದು ಗಂಡಸೂ ಹೆಂಗಸೂ ಒಂದೇ ರೀತಿಯಾಗಿ ಹೇಳುವರು. 'ಹೊರಟಿರುವಳು' ಎಂಬಲ್ಲಿ ಮಾತ್ರ ಸ್ತ್ರೀಯೆಂದು ತಿಳಿಯುವುದು. ಫ್ರೆಂಚಿನಲ್ಲಿ 'ಸರಾ' ಎಂಬುದು ಅವನಿಗೂ ಅವಳಿಗೂ ಸಮಾನ. ಗುರುತು ಬೀಳುವುದು ಕೃದಂತದ ಮೇಲೆ, ಅದೂ 'ನಾನು' ಎಂಬಲ್ಲಿಯೂ. ಹುಡುಗಿಯು 'ಝ ಸರೇ ಪಾರ್ತೀ' ಎಂದು ಬರೆಯುವಾಗ ಕೊನೆಗೆ ಇಂಗ್ಲಿಷ್ ವರ್ಣಮಾಲೆಯ ಐದನೆಯ ಅಕ್ಷರವನ್ನು ಹೆಚ್ಚಾಗಿ ಸೇರಿಸಬೇಕು. ಕಿವಿಗೆ ಅದು ಕೇಳಿಸದು. ಬರೆಯದಿದ್ದರೆ ಓದುವವರು ನಿಮ್ಮನ್ನು ಹುಡುಗನೆಂದೇ ತಿಳಿಯುವರು.

ಈ ಅಕ್ಷರವನ್ನು ನಾನೆಂದಿಗೂ ಮರೆಯಲಾರೆನು. ಪರೀಕ್ಷೆ ಮುಗಿಸಿ ಮದಾಂ ಅವರ ಮನೆಗೆ ಹೋದಾಗ ಬಾಗಿಲಿಗೆ ಬೀಗವಿತ್ತು. ನೆರೆಯವರ ಕೈಯಲ್ಲಿ ನನಗಾಗಿ ಒಂದು ಲಕೋಟೆಯನ್ನು ಬಿಟ್ಟಿದ್ದರು. ಅದರ ಮೊದಲನೆಯ ವಾಕ್ಯವು 'ಕಾಂ ವೂ ಲಿರೇ ಸೆತ್ ಲೆತ್ರ್, ಝ ಸರೇ ಪಾರ್ತೀ' ಎಂದಿತ್ತು. 'ನೀನು ಈ ಪತ್ರವನ್ನು ಓದುವಾಗ ನಾನು ಹೊರಟುಹೋಗಿರುವೆನು.' ಕಾಯಿಲೆಯ ಕಾರಣ ಅವರು ಸ್ವದೇಶಕ್ಕೆ ಹೊರಡಬೇಕಾಗಿ ಬಂದಿತ್ತು. ಆ ಕೊನೆಯ ಅಕ್ಷರದ ಕೆಳಗೆ ಕೆಂಪು ಶಾಯಿಯ ಚಿಕ್ಕ ಗೆರೆಯೊಂದಿತ್ತು. ಬರೆದ ದಿನ ಅವರು ಹೊರಟಿರಲಿಲ್ಲ. ನಾನು ಓದುವ ದಿನಕ್ಕೆ ಹೊರಟಾಗಿತ್ತು. ಈ ಕಾಲದ ಅರ್ಥವನ್ನು ಅದಕ್ಕಿಂತ ಸ್ಪಷ್ಟವಾಗಿ ನನಗೆ ಯಾರೂ ಕಲಿಸಿಲ್ಲ.

ಪ್ರಯೋಗಗಳಲ್ಲಿ ಸುಲಭವಾದದ್ದು ಗಡುವು ಹೇಳುವುದು: 'ಆ ಸೀಜರ್, ಝೊರೇ ಫಿನಿ', ಅಂದರೆ ಆರು ಗಂಟೆಗೆ ನಾನು ಮುಗಿಸಿರುವೆನು. ನಿಷೇಧಾರ್ಥದಲ್ಲಿ ಸಹಾಯಕವನ್ನೇ ನಡುವಿಟ್ಟು 'ಝ ನೊರೇ ಪಾ ಫಿನಿ' ಎನ್ನತಕ್ಕದ್ದು. ಎರಡನೆಯದು 'ಕಾಂ' (ಯಾವಾಗ), 'ದೇ ಕ' (ಕೂಡಲೆ), 'ಆಪ್ರೇ ಕ' (ಬಳಿಕ) ಎಂಬವುಗಳ ಮುಂದೆ ಬರುವ ಪ್ರಯೋಗ. 'ಕಾಂ ಝೊರೇ ಫಿನಿ, ಝ ವ್ಯೇಂದ್ರೇ': ಮುಗಿಸಿದ ಮೇಲೆ ಬರುವೆನು. ಇಂಗ್ಲಿಷಿನಲ್ಲಿ ಇಲ್ಲಿ 'ವೆನ್ ಐ ಹ್ಯಾವ್ ಫಿನಿಷ್ಡ್' ಎಂದು ಭವಿಷ್ಯತ್ತಿನ ಗುರುತೇ ಇಲ್ಲದೆ ಹೇಳುವರು. ಅದನ್ನು ಪದಕ್ಕೆ ಪದವಾಗಿ ತಂದರೆ ತಪ್ಪಾಯಿತು.

ಆದರೆ ಷರತ್ತು ಬಂದಾಗ ಹಾಗಲ್ಲ. 'ಅವಳು ಬಂದರೆ', 'ಅವಳು ಬಂದ ಮೇಲೆ' ಎಂಬೆರಡನ್ನೂ ನಾವು 'ಬಂದ' ಎಂಬುದರಿಂದಲೇ ಕಟ್ಟುವೆವು. ಮೊದಲನೆಯದರಲ್ಲಿ ಬರುವಳೋ ಇಲ್ಲವೋ ಎಂಬ ಸಂದೇಹ, ಎರಡನೆಯದರಲ್ಲಿ ಬರುವಳೆಂಬ ನಿಶ್ಚಯ. ಫ್ರೆಂಚರು ಸಂದೇಹಕ್ಕೆ 'ಸಿ ಎಲ್ ವ್ಯೇಂ' ಎಂದು ವರ್ತಮಾನವನ್ನೂ, ನಿಶ್ಚಯಕ್ಕೆ 'ಕಾಂತ್ ಎಲ್ ಸರಾ ವನ್ಯು' ಎಂದು ಪೂರ್ವಭವಿಷ್ಯತ್ತನ್ನೂ ಬಳಸುವರು. 'ಒಂದು ವೇಳೆ' ಎಂಬರ್ಥದ 'ಸಿ' ಆದ ಮೇಲೆ ಈ ಕಾಲವನ್ನು ಎಂದೂ ಬರೆಯಬೇಡಿರಿ.

ಮೂರನೆಯ ಪ್ರಯೋಗ ನನಗೆ ಅತ್ಯಂತ ಪ್ರಿಯವಾದದ್ದು. ಆಗಿಹೋದದ್ದನ್ನು ಊಹಿಸುವಾಗಲೂ ಫ್ರೆಂಚರು ಇದನ್ನೇ ಹೇಳುವರು. ಸಂಜೆಯಾದರೂ ಮಗಳು ಮನೆಗೆ ಬಂದಿಲ್ಲ. ತಾಯಿ ಬಾಗಿಲಲ್ಲಿ ನಿಂತಿದ್ದಾಳೆ. ನೆರೆಯಾಕೆ ಸಮಾಧಾನ ಹೇಳುತ್ತಾಳೆ: 'ಎಲ್ ಒರಾ ಮಾಂಕೇ ಲೊತೊಬ್ಯುಸ್.' ಅವಳಿಗೆ ಬಸ್ಸು ತಪ್ಪಿರಬೇಕು. ನಮ್ಮ 'ಇರಬೇಕು' ಎಂಬುದರಲ್ಲಿರುವ ಕಳವಳವೂ ನಂಬಿಕೆಯೂ ಆ 'ಒರಾ' ಎಂಬುದರಲ್ಲಿ ಅಡಗಿವೆ. ನಾಳೆ ನಿಜವು ತಿಳಿದಾಗ ಹೀಗೆಯೇ ಆಗಿರುವುದು ಎಂಬ ಭಾವದಿಂದಲೇ ಭವಿಷ್ಯತ್ತು ಬಂದಿರುವುದೆಂದು ತಿಳಿಯಬಹುದು.

ಈಗ ಈ ವಾಕ್ಯಗಳನ್ನು ಫ್ರೆಂಚಿನಲ್ಲಿ ಬರೆಯಿರಿ. ಎಂಟು ಗಂಟೆಗೆ ನನ್ನ ಅಕ್ಕಂದಿರು ಹೊರಟಿರುವರು. ನೀನು ಈ ಪುಸ್ತಕವನ್ನು ಓದಿದ ಮೇಲೆ ನನಗೆ ಕೊಡುವೆ. ದೀಪವಿಲ್ಲ, ತಂಗಿ ಮಲಗಿರಬೇಕು. ತಂದೆಯವರು ಬಂದರೆ ನಾವು ಹೋಗುವೆವು. ಕೊನೆಯದರಲ್ಲಿ ಒಂದು ಬಲೆಯಿದೆ. ಬರೆದುದನ್ನು ಬುಧವಾರ ಸಂಜೆ ನನ್ನ ಕೊಠಡಿಗೆ ತರಬಹುದು. ಐದನೆಯ ಅಕ್ಷರವನ್ನು ಮರೆತವರು ಅಲ್ಲಿಯೇ ಕುಳಿತು ತಿದ್ದಿ ಬರೆಯತಕ್ಕದ್ದು.