ಮಾವಿನ ಹೂವಿಗೆ ಬೂದಿ ರೋಗ



ಚಳಿಗಾಲದಲ್ಲಿ ಮಾವು ಹೂ ಬಿಟ್ಟಿತೆಂದರೆ ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ತೋಟದವರಿಗೆ ಸಂತೋಷ. ಆದರೆ ಮರದ ತುಂಬ ಹೂವಿದ್ದರೂ ಕೆಲವು ವರ್ಷ ಹೀಚು ನಿಲ್ಲುವುದಿಲ್ಲ. ‘ಮಂಜು ಬಿದ್ದು ಹೂ ಸುಟ್ಟಿತು’ ಎಂದು ಸುಮ್ಮನಾಗುತ್ತೇವೆ. ಹಾಗೆನ್ನುವ ಮೊದಲು ಹೂಗೊಂಚಲನ್ನು ಕೈಯಲ್ಲಿ ಹಿಡಿದು ನೋಡಿರಿ. ಒಲೆಯ ಬೂದಿ ಎರಚಿದಂತೆ ಬಿಳಿ ಪುಡಿ ಕಂಡರೆ ಅದು ಬೂದಿ ರೋಗ. ಎಲೆ, ಗೊಂಚಲು ಅಂಟಂಟಾಗಿದ್ದರೆ ಅದು ಜಿಗಿಹುಳುವಿನ ಕೆಲಸ. ಅದಕ್ಕೆ ಮದ್ದು ಬೇರೆ.

ಈ ಪುಡಿ ಏನು? ಇದೊಂದು ಜಾತಿಯ ಬೂಷ್ಟು. ಇದರ ಎಳೆಗಳು ಹೂವಿನ ಮೇಲೆ ಹರಡಿ ರಸ ಹೀರುತ್ತವೆ. ಹೂ ಕಂದಿ ಉದುರುತ್ತದೆ. ಬಿಳಿ ಪುಡಿಯಲ್ಲಿರುವುದು ಬೂಷ್ಟಿನ ಬೀಜಕಣಗಳು. ಗಾಳಿ ಬೀಸಿದರೆ ಅವು ಮರದಿಂದ ಮರಕ್ಕೆ ಹಾರುತ್ತವೆ.

ಅಡಿಕೆಯ ಕೊಳೆರೋಗ ಮಳೆಯೊಡನೆ ಬರುವಂಥದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ನರು ಅದಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೊ ದ್ರಾವಣವನ್ನು ಮಲೆನಾಡಿನಲ್ಲಿ ರೂಢಿಗೆ ತಂದರು. ಬೂದಿ ರೋಗದ ರೀತಿಯೇ ಬೇರೆ. ಇದರ ಕಣ ಮೊಳೆಯಲು ನೀರು ನಿಲ್ಲಬೇಕಾಗಿಲ್ಲ; ಗಾಳಿಯ ತೇವವೇ ಸಾಕು. ಜೋರು ಮಳೆ ಇದನ್ನು ತೊಳೆದುಹಾಕುತ್ತದೆ. ಆದ್ದರಿಂದ ‘ಮಳೆಯಿಲ್ಲ, ರೋಗದ ಭಯವಿಲ್ಲ’ ಎಂದು ಕೂರಬೇಡಿರಿ. ತಂಪು ರಾತ್ರಿ, ಮಂಜಿನ ಬೆಳಗು, ಒಣ ಹಗಲು ಇವೇ ಇದಕ್ಕೆ ಅನುಕೂಲ.

ಮಾಡಬೇಕಾದ ಕೆಲಸ:

1. ಹೂತೆನೆ ಹೊರಟಂದಿನಿಂದ ವಾರಕ್ಕೆರಡು ಸಲ ಮರ ಸುತ್ತಿ ನೋಡಿರಿ. ನೆರಳಿನ ಕೊಂಬೆಗಳನ್ನು ಮೊದಲು ನೋಡಿರಿ.

2. ಹೂ ಅರಳುವ ಮೊದಲೇ, ನೀರಿನಲ್ಲಿ ಕರಗುವ ಶೇಕಡ 80ರ ಗಂಧಕವನ್ನು ಲೀಟರ್ ನೀರಿಗೆ 3 ಗ್ರಾಂನಂತೆ ಬೆರೆಸಿ ಸಿಂಪಡಿಸಿರಿ. ಹೀಚು ಕಟ್ಟಿದ ಮೇಲೆ ಇನ್ನೊಮ್ಮೆ ಸಿಂಪಡಿಸಿರಿ.

3. ಹೂ ಅರಳಿರುವಾಗ ಸಿಂಪಡಿಸಬೇಡಿರಿ. ನೊಣ, ಜೇನು ಬಂದು ಹೋಗದೆ ಕಾಯಿ ಕಟ್ಟದು.

4. ಉರಿಬಿಸಿಲಿನಲ್ಲಿ ಗಂಧಕ ಎಳೆಯ ಭಾಗವನ್ನು ಸುಡುತ್ತದೆ. ತಂಪು ಹೊತ್ತಿನಲ್ಲಿ ಸಿಂಪಡಿಸಿರಿ. ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿರಿ.

5. ಕೊಯ್ಲಾದ ಮೇಲೆ ಒತ್ತಾದ ಕೊಂಬೆ ಸವರಿ ಗಾಳಿ, ಬೆಳಕಿಗೆ ದಾರಿ ಮಾಡಿರಿ.

ಸಂದೇಹವಿದ್ದರೆ ರೋಗದ ಗೊಂಚಲೊಂದನ್ನು ಚೀಲದಲ್ಲಿ ಕಟ್ಟಿ, ತುಮಕೂರಿನ ಬಳಿಯ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿರಿ.

ಗಾಳಿಗೆ ಬದುವಿನ ಲೆಕ್ಕವಿಲ್ಲ. ನಿಮ್ಮ ಮರ ಉಳಿದು ನೆರೆಯವನ ಮರದಲ್ಲಿ ರೋಗ ಉಳಿದರೆ ಅದು ಮತ್ತೆ ನಿಮ್ಮಲ್ಲಿಗೇ ಬರುತ್ತದೆ. ಆದ್ದರಿಂದ ಅಕ್ಕಪಕ್ಕದ ತೋಟದವರು ಮಾತಾಡಿಕೊಂಡು ಒಂದೇ ವಾರದಲ್ಲಿ ಸಿಂಪಡಿಸಿರಿ.