ಹಬ್ಬವೆಂಬ ಗೆಣ್ಣು

'ಹಬ್ಬ'ವು ಸಂಸ್ಕೃತ 'ಪರ್ವ' ಶಬ್ದದ ತದ್ಭವ. ಪರ್ವವು ಪಬ್ಬವಾಗಿ, ಪಕಾರವು ಹಕಾರಕ್ಕೆ ತಿರುಗಿ ಹಬ್ಬವಾಯಿತು. ಪರ್ವವೆಂದರೆ ಉತ್ಸವ ಮಾತ್ರವಲ್ಲ. ಕಬ್ಬು ಬಿದಿರುಗಳ ಗೆಣ್ಣು ಎಂಬ ಅರ್ಥವೂ ಅದಕ್ಕುಂಟು. ಚೀನೀ ಭಾಷೆಯಲ್ಲಿ ಹಬ್ಬವನ್ನು ಸೂಚಿಸುವ 'ಜಿಯೆ' ಎಂಬ ಪದಕ್ಕೂ ಬಿದಿರಿನ ಗೆಣ್ಣೆಂಬ ಅರ್ಥವಿರುವುದು ಸೋಜಿಗದ ಸಂಗತಿ. ದೂರದ ಎರಡು ನಾಡುಗಳ ನುಡಿಗಳು ವರ್ಷವನ್ನು ಒಂದು ಜಲ್ಲೆಯಂತೆ ಕಂಡಿವೆ.

ಗೆಣ್ಣು ತನ್ನ ಎಡೆಯಲ್ಲಿರಬೇಕಾದರೆ ಎಣಿಕೆ ತಪ್ಪಬಾರದು. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ, ಸೌರವರ್ಷಕ್ಕೆ 365. ಈ ಕೊರತೆಯನ್ನು ತುಂಬದಿದ್ದರೆ ಯುಗಾದಿಯು ವಸಂತವನ್ನು ಬಿಟ್ಟು ಜಾರುತ್ತದೆ. ಆದುದರಿಂದ ನಮ್ಮ ಪಂಚಾಂಗವು ಸಂಕ್ರಮಣವಿಲ್ಲದ ಚಾಂದ್ರಮಾಸವನ್ನು ಅಧಿಕಮಾಸವೆನ್ನುತ್ತದೆ. ಚೀನೀಯರೂ ಸೂರ್ಯನ ಗತಿಯನ್ನು 24 ಭಾಗಗಳಾಗಿ ವಿಂಗಡಿಸಿ, ಇಂತಹುದೇ ನಿಯಮದಿಂದ ಅಧಿಕಮಾಸವನ್ನು ಸೇರಿಸುತ್ತಾರೆ. ಆ 24 ಋತುಸಂಧಿಗಳ ಜ್ಞಾನವನ್ನು 2016ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯೆಂದು ಮನ್ನಿಸಿತು.

ದುದ್ದವನ್ನೊಳಗೊಂಡ ಮಂಡ್ಯದ ಸೀಮೆಯಲ್ಲಿ ಈ ಗೆಣ್ಣು ಸ್ಪಷ್ಟವಾಗಿ ಕಾಣುವುದು ಸಂಕ್ರಾಂತಿಯಂದು. ಒಕ್ಕಣೆ ಮುಗಿದು ರಾಶಿ ಮನೆ ಸೇರುವ ಕಾಲವದು. ಬೆಳಗ್ಗೆ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹೂ ಕಟ್ಟುತ್ತಾರೆ. ಸಂಜೆ ಹುಲ್ಲಿಗೆ ಬೆಂಕಿಯಿಟ್ಟು ಕಿಚ್ಚು ಹಾಯಿಸುತ್ತಾರೆ. ಎಳ್ಳುಬೆಲ್ಲದೊಡನೆ ಕಬ್ಬಿನ ತುಂಡು ಮನೆಮನೆಗೆ ಸಲ್ಲುತ್ತದೆ.

ನಗರದಿಂದ ಬರುವ ಅತಿಥಿಗಳಲ್ಲಿ ಅನೇಕರು ಸಂಜೆಯ ಕಿಚ್ಚನ್ನಷ್ಟೇ ನೋಡಿ, ಚಿತ್ರ ತೆಗೆದು ಮರಳುತ್ತಾರೆ. ಉರಿಯ ಬೆಳಕಿನಲ್ಲಿ ಎತ್ತಿನ ವರ್ಷದ ದುಡಿಮೆ ಅವರ ಕಣ್ಣಿಗೆ ಬೀಳುವುದಿಲ್ಲ. ಟ್ರ್ಯಾಕ್ಟರು ಬಂದು ಹಟ್ಟಿಗಳಲ್ಲಿ ಎತ್ತುಗಳು ವಿರಳವಾಗಿರುವ ಇಂದು, ಹಾಯಲು ಎತ್ತಿಲ್ಲದ ಕಿಚ್ಚು ಬರಿಯ ಬೆಂಕಿಯಾಗಿ ಉಳಿಯುವ ಅಪಾಯವೂ ಉಂಟು. ಚೀನಾದಲ್ಲಿ ವಸಂತೋತ್ಸವಕ್ಕೆ ನಗರಗಳ ದುಡಿಮೆಗಾರರು ಅಸಂಖ್ಯರಾಗಿ ಹುಟ್ಟೂರಿಗೆ ತೆರಳುವುದು ನೋಟಕ್ಕಾಗಿ ಅಲ್ಲ, ಹಿರಿಯರೊಡನೆ ಒಂದು ಪಂಕ್ತಿಯಲ್ಲಿ ಉಣ್ಣುವುದಕ್ಕಾಗಿ. ನಗರ ಸೇರಿದ ಹಳೆಯ ವಿದ್ಯಾರ್ಥಿಗಳೂ ಮಕ್ಕಳೊಡನೆ ಬೆಳಗ್ಗೆಯೇ ಊರಿಗೆ ಬಂದು, ದನದ ಮೈತೊಳೆಯಲು ಕೈಗೂಡಿಸಿದರೆ ಅವರು ಅತಿಥಿಗಳಾಗಿ ಉಳಿಯುವುದಿಲ್ಲ.

ಕಬ್ಬನ್ನು ಜಗಿಯುವವನು ಗೆಣ್ಣು ಗಟ್ಟಿಯೆಂದು ಬಿಸಾಡುತ್ತಾನೆ. ರೈತನು ಅದನ್ನೇ ಜೋಪಾನ ಮಾಡುತ್ತಾನೆ. ಮುಂದಿನ ಬೆಳೆಯ ಕಣ್ಣಿರುವುದು ಗೆಣ್ಣಿನಲ್ಲಿಯೇ.