ಹಳೆ ಸಲಕರಣೆ ಕೊಳ್ಳುವುದು ಹೇಗೆ?

ಈ ಸಲದ ಗೋಡೆ ಪತ್ರಿಕೆಗೆ ಪ್ರತಿಯೊಬ್ಬರೂ ತಮ್ಮ ಮನೆಯ ಕೆಲಸದ ಬಗ್ಗೆ ಒಂದು ಪಾಠ ಬರೆಯಬೇಕು ಎಂದು ಗುರುಗಳು ಹೇಳಿದ್ದಾರೆ. ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಒಂದೇ ಸುದ್ದಿ, ಕಬ್ಬಿಣದ ಕೆಲಸದ ಹಳೆ ಸಲಕರಣೆ ಹುಡುಕುವುದು. ಆದ್ದರಿಂದ ಅದನ್ನೇ ಬರೆದಿದ್ದೇನೆ.

ನಮ್ಮ ಅಜ್ಜನಿಗೆ ಕುಲುಮೆ ಇತ್ತು. ಊರಿನ ಕತ್ತಿ, ಗುದ್ದಲಿ, ಹಾರೆ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಎಲ್ಲ ಅಲ್ಲೇ ಹದ ಆಗುತ್ತಿದ್ದವು. ಅಜ್ಜ ತೀರಿಕೊಂಡು ಎರಡು ವರ್ಷ ಆಯ್ತು. ಆಮೇಲೆ ಒಂದು ದಿನ ಗುಜರಿ ಗಾಡಿ ಬಂತು. ಮಳೆಗಾಲಕ್ಕೆ ಮಾಡು ಹೊದೆಸಲು ದುಡ್ಡು ಬೇಕಿತ್ತು. ಅಜ್ಜನ ಅಡಿಗಲ್ಲನ್ನು ಹೊರಗೆ ತಂದು ತೂಕ ಮಾಡಿದರು. 38 ಕಿಲೋ ಬಂತು. ಕಿಲೋಗೆ 25 ರೂಪಾಯಿ. ಲೆಕ್ಕ ಮಾಡಿ ಹೇಳಿದ್ದು ನಾನೇ: 950 ರೂಪಾಯಿ. ಗುಣಾಕಾರ ಸರಿಯಾಗಿತ್ತು. "ಭಾರೀ ಹುಷಾರು" ಅಂತ ಗಾಡಿಯವರು ಬೆನ್ನು ತಟ್ಟಿದರು.

ಈ ದೀಪಾವಳಿ ಆದ ಮೇಲೆ ಅಪ್ಪ ಕೊಟ್ಟಿಗೆ ಪಕ್ಕದಲ್ಲಿ ಸಣ್ಣ ಶೆಡ್ಡು ಹಾಕಿದ. ತೋಟದ ಕೂಲಿ ಇಲ್ಲದ ದಿನಗಳಲ್ಲಿ ಕತ್ತಿ ಹರಿತ ಮಾಡುವುದು, ಪಂಪು ಬಿಚ್ಚುವುದು, ಗೇಟು ರಿಪೇರಿ ಮಾಡುವುದು ಅಂತ ಯೋಚನೆ. ಕೈಯಲ್ಲಿ ಇದ್ದದ್ದು 5,000 ರೂಪಾಯಿ. ಹೊಸ ಅಡಿಗಲ್ಲಿನ ಬೆಲೆ ಕೇಳಿ ಬಂದು ಅಪ್ಪ ಏನೂ ಹೇಳದೆ ಊಟಕ್ಕೆ ಕೂತ. ನನಗೂ ಅನ್ನ ಇಳಿಯಲಿಲ್ಲ. ಹಾಗಾಗಿ ಹಳೆಯದನ್ನೇ ಹುಡುಕಲು ಹೊರಟೆವು.

ಎಲ್ಲಿ ಸಿಗುತ್ತದೆ?

1) ಶಿರಸಿ: ಇಲ್ಲಿ ಗುಜರಿ ಅಂಗಡಿಗಳು ಇವೆ. ರಾಶಿಯಲ್ಲಿ ಅರ (ಫೈಲ್), ಇಕ್ಕಳ, ಹಿಡಿ ಇಲ್ಲದ ಸುತ್ತಿಗೆ ಸಿಕ್ಕವು. ಬೆಳಿಗ್ಗೆ ಬೇಗ ಹೋಗಬೇಕು. ಒಳ್ಳೆಯದು ಬಂದರೆ ತೆಗೆದಿಡಿ ಎಂದು ಹೇಳಿ ಬರಬೇಕು. ನಾವು ಮೂರು ಸಲ ಬರಿಗೈಲಿ ಬಂದು ನಾಲ್ಕನೇ ಸಲ ಸಾಮಾನು ತಂದೆವು.

2) ಯಲ್ಲಾಪುರ: ಅಂಕೋಲಾ-ಹುಬ್ಬಳ್ಳಿ ಹೆದ್ದಾರಿ ಇಲ್ಲಿಂದಲೇ ಹೋಗುತ್ತದೆ. ಅರಬೈಲ ಘಟ್ಟ ಹತ್ತಿ ಬಂದ ಲಾರಿಗಳು ರಿಪೇರಿಗೆ ನಿಲ್ಲುತ್ತವೆ. ಆದ್ದರಿಂದ ಗ್ಯಾರೇಜುಗಳಲ್ಲಿ ಮುರಿದ ಪಾಟಾ, ಸವೆದ ಬೇರಿಂಗು, ದಪ್ಪ ಉಕ್ಕಿನ ತುಂಡು ಸಿಗುತ್ತವೆ. ಲಾರಿಯ ಪಾಟಾದಲ್ಲಿ ಒಳ್ಳೆಯ ಸ್ಪ್ರಿಂಗ್ ಉಕ್ಕು ಇರುತ್ತದೆ. ಅಜ್ಜ ಕತ್ತಿ ಮಾಡುತ್ತಿದ್ದುದು ಅದರಿಂದಲೇ.

3) ಸಿದ್ದಾಪುರ: ಇಲ್ಲಿ ನಮಗೆ ಅಂಗಡಿಗಿಂತ ಮನೆಯಲ್ಲೇ ಒಳ್ಳೆಯ ಸಾಮಾನು ಸಿಕ್ಕಿತು. ವಯಸ್ಸಾಗಿ ಕೆಲಸ ಬಿಟ್ಟ ಮೆಕ್ಯಾನಿಕ್ ಒಬ್ಬರು ತಮ್ಮ ವೈಸ್ ಮತ್ತು ಕೈ ಡ್ರಿಲ್ ಕೊಟ್ಟರು. ಅವರು ಎಣ್ಣೆ ಹಚ್ಚಿ ಗೋಣಿ ಸುತ್ತಿ ಇಟ್ಟಿದ್ದರು. ಕೆಲಸ ಮಾಡಿದವರ ಕೈಯಿಂದ ಕೊಂಡರೆ ಅದರ ಕಥೆಯೂ ಗೊತ್ತಾಗುತ್ತದೆ.

ಹುಬ್ಬಳ್ಳಿಯ ಗುಜರಿ ಪೇಟೆ ಇನ್ನೂ ದೊಡ್ಡದು. ಆದರೆ ಶಿರಸಿಯಿಂದ ಸುಮಾರು 100 ಕಿ.ಮೀ. ಒಂದು ಸುತ್ತಿಗೆಗಾಗಿ ಅಷ್ಟು ದೂರ ಹೋದರೆ ಬಸ್ ಚಾರ್ಜೇ ಹೆಚ್ಚಾಗುತ್ತದೆ. ಸಾರಿಗೆ ಸಂಸ್ಥೆ, ವಿದ್ಯುತ್ ಕಂಪನಿಗಳು ಹಳೆ ಸಾಮಾನನ್ನು ಹರಾಜು ಹಾಕುತ್ತವೆ, ಆದರೆ ರಾಶಿ ಲೆಕ್ಕದಲ್ಲಿ. ನಮ್ಮಂಥವರಿಗೆ ಅದು ಆಗುವುದಿಲ್ಲ.

ಹಳೆಯದು ಅಂದರೆ ಕೆಟ್ಟದ್ದಾ?

ಅಲ್ಲ. ಎಚ್.ಎಂ.ಟಿ. ಅಂದರೆ ನಮಗೆಲ್ಲ ಅಜ್ಜಂದಿರ ಕೈಗಡಿಯಾರ ನೆನಪಾಗುತ್ತದೆ. ಆದರೆ 1953ರಲ್ಲಿ ಬೆಂಗಳೂರಿನಲ್ಲಿ ಆ ಕಂಪನಿ ಶುರುವಾದದ್ದು ಯಂತ್ರಗಳನ್ನು ಮಾಡುವ ಯಂತ್ರ ತಯಾರಿಸಲಿಕ್ಕೆ. ಅದಕ್ಕೂ ಮೊದಲು 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಗಿ ಲೇತ್ ಯಂತ್ರ ತಯಾರಿಸಿತು. ಆ ಕಾರ್ಖಾನೆ ಈಗ ಇಲ್ಲ. ಅದರ ಲೇತುಗಳು ಮಾತ್ರ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ಚೆನ್ನಾಗಿ ನೋಡಿಕೊಂಡ ಸಲಕರಣೆ ಮಾಡಿದವರಿಗಿಂತ ಹೆಚ್ಚು ಕಾಲ ಬದುಕುತ್ತದೆ.

ಪರೀಕ್ಷೆ ಮಾಡುವ ವಿಧಾನ

ವೈಸ್: ನಾವು ಮೊದಲು ಮೋಸ ಹೋದದ್ದು ಇದರಲ್ಲೇ. ಒಂದು ಅಂಗಡಿಯಲ್ಲಿ ನೀಲಿ ಬಣ್ಣ ಹೊಡೆದ ವೈಸ್ ಇತ್ತು. ಬಣ್ಣ ನೋಡಿ "ಇದೇ ಇರಲಿ" ಎಂದದ್ದು ನಾನು. 700 ರೂಪಾಯಿ. ಮನೆಗೆ ತಂದು ಸರಳು ಕಚ್ಚಿಸಿ ಬಿಗಿ ಮಾಡಿದಾಗ "ಟಕ್" ಅಂತು. ಬಣ್ಣದ ಅಡಿಯಲ್ಲಿ ಹಳೆ ಬಿರುಕು ಇತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನೀಲಿ ಬಣ್ಣಕ್ಕೂ ಸರಿ. ವೈಸಿನ ಮೈ ಹೆಚ್ಚಾಗಿ ಬೀಡು ಕಬ್ಬಿಣದ್ದು. ಬೀಡು ಬಾಗುವುದಿಲ್ಲ, ಸೀಳುತ್ತದೆ. ಸಾಮಾನ್ಯ ವೆಲ್ಡಿಂಗು ಅದಕ್ಕೆ ನಿಲ್ಲುವುದೂ ಕಷ್ಟ.

ಸಿದ್ದಾಪುರದ ಆ ಹಿರಿಯರು ಬಿರುಕು ಹುಡುಕುವ ಉಪಾಯ ತೋರಿಸಿಕೊಟ್ಟರು. ಅನುಮಾನ ಇರುವ ಜಾಗದ ಬಣ್ಣ ಸ್ವಲ್ಪ ಕೆರೆದು ಸೀಮೆಎಣ್ಣೆ ಅಥವಾ ಡೀಸೆಲ್ ಸವರಬೇಕು. ಹತ್ತು ನಿಮಿಷ ಬಿಟ್ಟು ಪೂರ್ತಿ ಒರೆಸಬೇಕು. ಮೇಲೆ ಬಳಪದ ಪುಡಿ ಉಜ್ಜಬೇಕು. ಬಿರುಕು ಇದ್ದರೆ ಒಳಗೆ ಇಳಿದ ಎಣ್ಣೆ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಕಾಣುತ್ತದೆ. ನಾವು ದಿನಾ ಬೋರ್ಡಿನ ಮೇಲೆ ಬರೆಯುವ ಬಳಪದಿಂದ ಇಷ್ಟು ದೊಡ್ಡ ಕೆಲಸ ಆಗುತ್ತದೆ! (ಹತ್ತಿರ ಬೆಂಕಿ ಇರಬಾರದು.) ಇನ್ನೊಂದು ಪರೀಕ್ಷೆ: ವೈಸಿನ ಬಾಯಿಯ ಎರಡೂ ತುದಿಗೆ ಕಾಗದದ ಚೂರು ಕಚ್ಚಿಸಿ ಎಳೆಯಿರಿ. ಎರಡೂ ಬಿಗಿಯಾಗಿದ್ದರೆ ಬಾಯಿ ಸಮ ಇದೆ. ಒಂದು ಸುಲಭವಾಗಿ ಬಂದರೆ ಬಾಯಿ ಸೊಟ್ಟ.

ಅಡಿಗಲ್ಲು: ಬೇರಿಂಗಿನ ಒಂದು ಉಕ್ಕಿನ ಗುಂಡು ಜೇಬಿನಲ್ಲಿ ಇರಲಿ. ಅಡಿಗಲ್ಲಿನ ಮೇಲೆ 10 ಇಂಚು ಎತ್ತರದಿಂದ ಬಿಡಿ. 7-8 ಇಂಚು ಮೇಲೆ ಎಗರಿದರೆ ಮುಖ ಗಟ್ಟಿ ಇದೆ. ಸುಮ್ಮನೆ "ದಪ್" ಅಂತ ಕೂತರೆ ಅದು ಮೆದು ಕಬ್ಬಿಣ, ಇಲ್ಲವೇ ಒಳಗೆ ಬಿರುಕು. ಗುಂಡು ಎಗರದ ಅಡಿಗಲ್ಲು ನಮ್ಮ ಪೆಟ್ಟಿನ ಶಕ್ತಿಯನ್ನು ತಾನೇ ನುಂಗುತ್ತದೆ. ದಿನವಿಡೀ ಬಡಿಯುವವನ ತೋಳಿಗೆ ಇದು ಗೊತ್ತಾಗುತ್ತದೆ.

ಸುತ್ತಿಗೆ: ಹಿಡಿ ಮುರಿದಿದ್ದರೆ ಚಿಂತೆ ಇಲ್ಲ, ಬೆಲೆ ಇಳಿಯುತ್ತದೆ. ದಡಸಲು ಮರದ ಹಿಡಿ ನಾವೇ ಹಾಕಿಕೊಳ್ಳಬಹುದು. ಆ ಮರ ಬಳುಕುತ್ತದೆ, ಬೇಗ ಮುರಿಯುವುದಿಲ್ಲ. ಆದರೆ ಸುತ್ತಿಗೆಯ ಮುಖದ ಅಂಚು ಅಣಬೆಯ ಹಾಗೆ ಹರಡಿದ್ದರೆ ಅದನ್ನು ಉಜ್ಜಿ ತೆಗೆಯದೆ ಬಳಸಬಾರದು. ಚೂರು ಹಾರಿ ಕಣ್ಣಿಗೆ ಬೀಳುತ್ತದೆ.

ಅರ: ಬೆಳಕಿಗೆ ಹಿಡಿದು ನೋಡಿ. ಹಲ್ಲಿನ ತುದಿ ಬೆಳ್ಳಗೆ ಹೊಳೆದರೆ ಸವೆದಿದೆ. ಮೊಳೆಯ ಮೇಲೆ ಒಮ್ಮೆ ಮುಂದಕ್ಕೆ ತಳ್ಳಿ ನೋಡಿ, ಕಚ್ಚಬೇಕು, ಜಾರಬಾರದು. ಸವೆದ ಅರವನ್ನೂ ಎಸೆಯಬೇಡಿ, ಅದರಿಂದ ಚಾಕು, ಉಳಿ ಮಾಡಬಹುದು. ಹಿಡಿ ಹಾಕದೆ ಅರ ಬಳಸಬೇಡಿ, ಅದರ ಚೂಪು ಬಾಲ ಅಂಗೈಗೆ ಚುಚ್ಚುತ್ತದೆ.

ಡ್ರಿಲ್ಲಿನ ಮೊನೆ: ಸ್ಲೇಟಿನ ಮೇಲೆ ಉರುಳಿಸಿ. ಕುಣಿದರೆ ಸೊಟ್ಟ ಇದೆ ಎಂದರ್ಥ. ಮೊಂಡಾಗಿದ್ದರೆ ತೊಂದರೆ ಇಲ್ಲ, ಸಾಣೆ ಹಿಡಿಯಬಹುದು.

ಹಳೆಯದು ಕೊಳ್ಳಬಾರದ ವಸ್ತುಗಳು

ಅಗ್ಗ ಅಂತ ಎಲ್ಲವನ್ನೂ ತರಬಾರದು. ಯಂತ್ರದ ಸಾಣೆ ಕಲ್ಲನ್ನು ಹೊಸದೇ ತರಬೇಕು. ಅದರಲ್ಲಿ ಕಾಣದ ಬಿರುಕಿದ್ದರೆ ವೇಗವಾಗಿ ತಿರುಗುವಾಗ ಒಡೆದು ಸಿಡಿಯುತ್ತದೆ. ಕಲ್ಲಿನ ಮೇಲೆ ಬರೆದ ವೇಗದ ಮಿತಿ ಯಂತ್ರದ ವೇಗಕ್ಕಿಂತ ಕಡಿಮೆ ಇರಬಾರದು. ಹರಿದ ವೈರಿನ ಕರೆಂಟ್ ಡ್ರಿಲ್ ಬೇಡ. ಹ್ಯಾಕ್ಸಾ ಚೌಕಟ್ಟು ಹಳೆಯದಾದರೂ ಬ್ಲೇಡು ಹೊಸದಿರಲಿ. ಇಂಚಿಗೆ 18 ಹಲ್ಲಿನದು ದಪ್ಪ ಕಬ್ಬಿಣಕ್ಕೆ, 32 ಹಲ್ಲಿನದು ತೆಳು ತಗಡಿಗೆ. ಹಲ್ಲು ಮುಂದಕ್ಕೆ ನೋಡುವಂತೆ ಹಾಕಬೇಕು. ಕಣ್ಣಿನ ಕನ್ನಡಕವೂ ಹೊಸದೇ ಇರಲಿ.

ಇನ್ನೊಂದು ಮುಖ್ಯ ಮಾತು. ರೈಲು ಕಂಬಿಯ ತುಂಡು ಒಳ್ಳೆಯ ಅಡಿಗಲ್ಲಾಗುತ್ತದೆ. ಒಂದು ಕಡೆ ಬಹಳ ಕಡಿಮೆಗೆ ಕೊಡುತ್ತೇನೆ ಎಂದರು. ಅಪ್ಪ ಬಿಲ್ಲು ಕೇಳಿದ, ಇರಲಿಲ್ಲ. ನಾವು ವಾಪಸು ಬಂದೆವು. ಕದ್ದ ರೈಲ್ವೆ ಸಾಮಾನು ಇಟ್ಟುಕೊಳ್ಳುವುದು 1966ರ ಕಾಯಿದೆ ಪ್ರಕಾರ ಅಪರಾಧ. ಕದ್ದವನಿಗಷ್ಟೇ ಅಲ್ಲ, ಇಟ್ಟುಕೊಂಡವನಿಗೂ ಶಿಕ್ಷೆ ಇದೆ.

ತುಕ್ಕು ತೆಗೆಯುವುದು

ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಸೇರಿ ತುಕ್ಕು ಆಗುತ್ತದೆ ಎಂದು ವಿಜ್ಞಾನದಲ್ಲಿ ಓದಿದ್ದೇವೆ. ನಮ್ಮ ಕಡೆಯ ಮಳೆಯಲ್ಲಿ ಇದನ್ನು ಓದಬೇಕೆಂದೇನೂ ಇಲ್ಲ, ನೋಡಿದರೆ ಸಾಕು. ಹುಣಸೆಹಣ್ಣಿನ ನೀರಿನಲ್ಲಿ ಅರ, ಇಕ್ಕಳಗಳನ್ನು ಒಂದು ರಾತ್ರಿ ನೆನೆಸಿಟ್ಟೆವು. ಹುಳಿಯಲ್ಲಿರುವ ಆಮ್ಲ ತುಕ್ಕನ್ನು ಕರಗಿಸುತ್ತದೆ. ಬೆಳಿಗ್ಗೆ ತಿಕ್ಕಿ, ಉಳಿದ ಹುಳಿ ಸಾಯಲು ಅಡುಗೆ ಸೋಡಾ ಹಾಕಿದ ನೀರಿನಲ್ಲಿ ತೊಳೆದು, ಒಲೆ ದಂಡೆಯ ಮೇಲೆ ಒಣಗಿಸಿ ಎಣ್ಣೆ ಹಚ್ಚಿದೆವು. ಹುಳಿಯಲ್ಲಿ ಎರಡು-ಮೂರು ದಿನ ಬಿಟ್ಟರೆ ಕಬ್ಬಿಣವನ್ನೇ ತಿನ್ನುತ್ತದೆ, ನೆನಪಿರಲಿ. ಅಮ್ಮನ ಹುಣಸೆಹಣ್ಣು ಖಾಲಿಯಾಗಿ ನನಗೆ ಬೈಗುಳ ಸಿಕ್ಕಿತು.

ನಮ್ಮ ಲೆಕ್ಕ

ಬಿರುಕು ವೈಸ್ (ನಷ್ಟ) – 700
ಒಳ್ಳೆಯ ವೈಸ್ – 1,100
ಸುತ್ತಿಗೆ ಎರಡು, ಹಿಡಿ ಇಲ್ಲದ್ದು – 150
ಅರ ಆರು ಮತ್ತು ಇಕ್ಕಳ – 120
ಹ್ಯಾಕ್ಸಾ ಚೌಕಟ್ಟು – 80
ಹೊಸ ಬ್ಲೇಡು – 60
ಕೈ ಡ್ರಿಲ್, ಮೊನೆಗಳ ಸಮೇತ – 350
ಉಕ್ಕಿನ ದಿಮ್ಮಿ, 28 ಕಿಲೋ – 1,120
ಹೊಸ ಕನ್ನಡಕ – 100
ಬಸ್ ಚಾರ್ಜು, ಚಹಾ – 320
ಒಟ್ಟು – 4,100 ರೂಪಾಯಿ

ಉಳಿದ 900 ರೂಪಾಯಿ ಹೊಸ ಸಾಣೆ ಕಲ್ಲಿಗೆ ಎತ್ತಿಟ್ಟಿದ್ದೇವೆ.

ಈ ಪಟ್ಟಿಯಲ್ಲಿ ಅಡಿಗಲ್ಲು ಇಲ್ಲ, ನೋಡಿದಿರಾ? ಮೂರು ಪೇಟೆ ತಿರುಗಿದರೂ ನಮ್ಮ ದುಡ್ಡಿಗೆ ಅಡಿಗಲ್ಲು ಸಿಗಲಿಲ್ಲ. ಯಲ್ಲಾಪುರದಿಂದ ತಂದ ಉಕ್ಕಿನ ದಿಮ್ಮಿಯನ್ನೇ ಮರದ ಕೊರಡಿನ ಮೇಲೆ ಕೂರಿಸಿದ್ದೇವೆ. ಗುಂಡು 6 ಇಂಚು ಎಗರುತ್ತದೆ. ಅಜ್ಜನ ಅಡಿಗಲ್ಲು 38 ಕಿಲೋ, ಕೊಟ್ಟದ್ದು 950ಕ್ಕೆ. ಈ ದಿಮ್ಮಿ 28 ಕಿಲೋ, ತಂದದ್ದು 1,120ಕ್ಕೆ. ಇದಕ್ಕೆ ಕೊಂಬೂ ಇಲ್ಲ, ಆದ್ದರಿಂದ ಬಳೆ ಬಗ್ಗಿಸಲು ಬರುವುದಿಲ್ಲ. ಗುಜರಿ ಅಂಗಡಿಗೆ ಹೋದಾಗಲೆಲ್ಲ ನಾನು ರಾಶಿಯಲ್ಲಿ ಅಜ್ಜನ ಅಡಿಗಲ್ಲು ಇದೆಯಾ ಅಂತ ನೋಡುತ್ತೇನೆ. ಅದರ ಒಂದು ಮೂಲೆ ಚಕ್ಕೆ ಎದ್ದಿತ್ತು, ನೋಡಿದರೆ ಗುರುತು ಸಿಗುತ್ತದೆ. ಅದು ಕರಗಿ ಹೋಗಿರಬೇಕು ಅನ್ನುತ್ತಾನೆ ಅಪ್ಪ. ನಿನ್ನ ತಪ್ಪಲ್ಲ ಅಂತಲೂ ಅನ್ನುತ್ತಾನೆ.

ಆ ದಿನ ನಾನು ಕೇಳಬೇಕಾಗಿದ್ದ ಪ್ರಶ್ನೆ "ಎಷ್ಟು ಕಿಲೋ?" ಅಂತ ಅಲ್ಲ. "ಇದರಲ್ಲಿ ಇನ್ನು ಎಷ್ಟು ವರ್ಷದ ಕೆಲಸ ಉಳಿದಿದೆ?" ಅಂತ. ಕೊಳ್ಳುವಾಗಲೂ ಮಾರುವಾಗಲೂ ಇದೇ ಪ್ರಶ್ನೆ ಕೇಳಬೇಕು.

ಸಹಪಾಠಿಗಳೇ, ನಿಮ್ಮ ಮನೆಯ ಅಟ್ಟದ ಮೇಲೆ, ಕೊಟ್ಟಿಗೆ ಮೂಲೆಯಲ್ಲಿ ಹಳೆ ಸಲಕರಣೆ ಇದ್ದರೆ ಗುಜರಿ ಗಾಡಿ ಬರುವ ಮೊದಲು ಕೆಲಸ ಗೊತ್ತಿರುವ ಒಬ್ಬರಿಗೆ ತೋರಿಸಿ. ಬೇರಿಂಗ್ ಗುಂಡು ನನ್ನ ಹತ್ತಿರ ಇದೆ, ಕೇಳಿದರೆ ತರುತ್ತೇನೆ. ಬರೆದುದರಲ್ಲಿ ತಪ್ಪಿದ್ದರೆ ಗುರುಗಳು ತಿದ್ದಿ ಹೇಳಬೇಕಾಗಿ ವಿನಂತಿ.

ಅಭ್ಯಾಸ
1) ಬೀಡಿನ ವೈಸ್ ಬಾಗದೆ ಸೀಳುವುದು ಏಕೆ ಅಪಾಯ?
2) ತುಕ್ಕು ತೆಗೆದ ಮೇಲೆ ಸೋಡಾ ನೀರಿನಲ್ಲಿ ಏಕೆ ತೊಳೆಯಬೇಕು?
3) ನಿಮ್ಮ ಮನೆಯ ಹಳೆ ಸಲಕರಣೆಗಳ ಪಟ್ಟಿ ಮಾಡಿ. ಯಾವುದು, ಯಾರು ಬಳಸುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ ಬರೆಯಿರಿ.

– 7ನೇ ತರಗತಿ